ಕುಡಿದಾಗ ಆಡಿದ ಮಾತು

(ಬಾಗಲಕೋಟೆಯ ನವನಗರದಲ್ಲಿ ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಉದಾಹರಣೆಯಾಗಿ ಬಂದಿರುವ ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ.)

ಸೇರಿರುವ ಎಲ್ಲ ತಾಯಂದಿರಿಗೆ, ಗುರುಗಳಿಗೆ ಶರಣು ಶರಣಾರ್ಥಿ.

ಆಪ್ತಸಮಾಲೋಚಕಿಯಾಗಿ ನಾನು ಕೆಲಸ ಆರಂಭಿಸಿದ ದಿನದಿಂದ ಇಂದಿನವರೆಗೂ, ಇಳಕಲ್ಲಿನಿಂದ ಬಂದವರಿರಲಿ, ಬನಹಟ್ಟಿಯಿಂದ ಬಂದವರಿರಲಿ, ಬೀಳಗಿಯ ಕಡೆಯ ಕಬ್ಬಿನ ಊರುಗಳವರಿರಲಿ, ಕುಡಿತದ ಚಟವುಳ್ಳವರ ಮನೆಯವರ ಬಾಯಿಂದ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತ ಬಂದಿದ್ದೇನೆ. "ಕುಡದಾಗ ಏನೇನರ ಅಂತಾರ್ರಿ, ಸಾಯ್ತೀನಿ ಅಂತಾರ, ಮುಂಜಾನೆದ್ರ ಎಲ್ಲಾ ಮರತಿರ್ತಾರ. ನಾವೂ ಮನಸಿಗೆ ಹಚ್ಚಿಕೊಳ್ಳಂಗಿಲ್ಲ." ಈ ಮಾತನ್ನು ಆಡುವವರು ಕಲ್ಲು ಮನಸ್ಸಿನವರಲ್ಲ. ರಾತ್ರಿ ರಾತ್ರಿಯೂ ಅದೇ ಬೆದರಿಕೆಯನ್ನು ಕೇಳುವ ಹೆಣ್ಣುಮಗಳು ಅದನ್ನು ಪ್ರತಿ ಸಲವೂ ಮನಸ್ಸಿಗೆ ಹಚ್ಚಿಕೊಂಡರೆ ಮರುದಿನ ಎದ್ದು ರೊಟ್ಟಿ ಬಡಿಯುವುದು ಹೇಗೆ, ಮಕ್ಕಳನ್ನು ಸಾಲೆಗೆ ಕಳಿಸುವುದು ಹೇಗೆ? ಬದುಕಲಿಕ್ಕಾಗಿಯೇ ಅವಳು ಆ ಮಾತನ್ನು ಪಕ್ಕಕ್ಕೆ ಸರಿಸುತ್ತಾಳೆ. ಆದರೂ ನಾನು ಇವತ್ತು ನಿಮ್ಮ ಮುಂದೆ ನಿಂತಿರುವುದು ಈ ಒಂದು ತಿಳಿವಳಿಕೆಯನ್ನು ಬದಲಿಸಬೇಕೆಂದು ಕೇಳಿಕೊಳ್ಳಲಿಕ್ಕೆ. ಎಚ್ಚರದಲ್ಲಿದ್ದಾಗ ಆಡಿದ ಸಾವಿನ ಮಾತಿಗೆ ನಾವು ಎಷ್ಟು ಬೆಲೆ ಕೊಡುತ್ತೇವೆಯೋ, ಕುಡಿದಾಗ ಆಡಿದ ಮಾತಿಗೂ ಅಷ್ಟೇ ಬೆಲೆ ಕೊಡಬೇಕು. ಎಷ್ಟೋ ಸಲ ಅದಕ್ಕಿಂತ ಹೆಚ್ಚೇ ಕೊಡಬೇಕಾಗುತ್ತದೆ.

ಮೊದಲು ಅಂಕಿಗಳ ವಿಷಯವನ್ನು ಹೇಳುತ್ತೇನೆ, ಏಕೆಂದರೆ ಅವುಗಳಲ್ಲಿಯೇ ಒಂದು ಮರೆ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನರು ಆತ್ಮಹತ್ಯೆಯಿಂದ ತೀರಿಕೊಂಡರು, ಅವರಲ್ಲಿ 13,606 ಮಂದಿ ಕರ್ನಾಟಕದವರು. ಕಾರಣಗಳ ಪಟ್ಟಿಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಚಟಕ್ಕೆ ಸಿಕ್ಕಿರುವ ಪಾಲು ಶೇಕಡಾ 6.8 ಮಾತ್ರ, ಕೌಟುಂಬಿಕ ಸಮಸ್ಯೆಗಳಿಗೆ ಶೇಕಡಾ 31.7, ಅನಾರೋಗ್ಯಕ್ಕೆ ಶೇಕಡಾ 18.4. ಇದನ್ನು ಓದಿದವರು ಚಟದ ಪಾಲು ಸಣ್ಣದೆಂದು ತಿಳಿಯಬಹುದು. ಆದರೆ ಈ ಪಟ್ಟಿ ತಯಾರಾಗುವುದು ಪೊಲೀಸ್ ಠಾಣೆಯ ದಾಖಲೆಯಿಂದ, ಮತ್ತು ಅಲ್ಲಿ ಒಂದು ಸಾವನ್ನು ಒಂದು ಕಾರಣದ ಕೆಳಗೆ ಎಣಿಸುತ್ತಾರೆ. ದಿನವೂ ಕುಡಿದು ಬಂದು, ಅದಕ್ಕಾಗಿ ಹೆಂಡತಿಯೊಡನೆ ಜಗಳವಾಗಿ, ಜಗಳದ ರಾತ್ರಿ ಒಬ್ಬನು ತೀರಿಕೊಂಡರೆ, ಪಂಚನಾಮೆಯ ದಿನ ಅಣ್ಣತಮ್ಮಂದಿರು ಏನೆಂದು ಬರೆಯಿಸುತ್ತಾರೆ? "ಮನೆಯೊಳಗ ಸ್ವಲ್ಪ ಕಿರಿಕಿರಿ ಇತ್ರಿ" ಎಂದು ಬರೆಯಿಸುತ್ತಾರೆ. ಲಿವರ್ ಕೆಟ್ಟು ಹೊಟ್ಟೆ ಊದಿಕೊಂಡು ನರಳುತ್ತಿದ್ದವನ ಸಾವು ಅನಾರೋಗ್ಯದ ಲೆಕ್ಕಕ್ಕೆ ಸೇರುತ್ತದೆ. ಗಂಡನ ಕುಡಿತವನ್ನು ತಾಳಲಾರದೆ ಹೋದ ಹೆಂಡತಿಯ ಸಾವಂತೂ ಚಟದ ಲೆಕ್ಕಕ್ಕೆ ಬರುವುದು ಅಪರೂಪ. ಹೀಗಾಗಿ ಆ 6.8ನ್ನು ನಾನು ಪೂರ್ತಿ ಅಳತೆಯೆಂದು ಓದುವುದಿಲ್ಲ, ಕಣ್ಣಿಗೆ ಕಂಡಷ್ಟು ಭಾಗವೆಂದು ಮಾತ್ರ ಓದುತ್ತೇನೆ.

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕರು, ಕುಡಿತವು ಕಾಯಿಲೆಯ ಮಟ್ಟಕ್ಕೆ ಹೋದವರಲ್ಲಿ ಆತ್ಮಹತ್ಯೆಯ ಅಪಾಯವು ಸಾಮಾನ್ಯ ಜನರಿಗಿಂತ ಹತ್ತಿರ ಹತ್ತು ಪಟ್ಟು ಹೆಚ್ಚು ಎಂದು ಹೇಳಿದ್ದಾರೆ. ಇದನ್ನು ಹೇಳಿದ ಕೂಡಲೇ ಇನ್ನೊಂದನ್ನೂ ಹೇಳಬೇಕು: ಚಟಕ್ಕೆ ಬಿದ್ದವರಲ್ಲಿ ಬಹುಪಾಲು ಜನರು ಹೀಗೆ ಸಾಯುವುದಿಲ್ಲ, ಮತ್ತು ಚಿಕಿತ್ಸೆ ಸಿಕ್ಕ ಎಷ್ಟೋ ಜನರು ಚೆನ್ನಾಗಿ ಬದುಕುತ್ತಾರೆ. ಅಪಾಯ ದೊಡ್ಡದು ಎಂದರೆ ಅದು ಹಣೆಬರಹ ಎಂದು ಅರ್ಥವಲ್ಲ.

ಹಾಗಾದರೆ ಮದ್ಯವು ಒಬ್ಬ ಮನುಷ್ಯನನ್ನು ಅಲ್ಲಿಗೆ ಒಯ್ಯುವುದು ಹೇಗೆ? ಇದಕ್ಕೆ ಎರಡು ದಾರಿಗಳಿವೆ. ಒಂದು ವರ್ಷಗಟ್ಟಲೆಯ ದಾರಿ, ಇನ್ನೊಂದು ಒಂದೇ ರಾತ್ರಿಯದು.

ವರ್ಷಗಟ್ಟಲೆಯ ದಾರಿ ನಿಮಗೆಲ್ಲ ಕಂಡದ್ದೇ. ನಮ್ಮ ಮಿದುಳಿನಲ್ಲಿ ನರಗಳ ಓಟವನ್ನು ತಡೆದು ಸಮಾಧಾನ ಕೊಡುವ ಗಾಬಾ ಎಂಬ ರಾಸಾಯನಿಕವಿದೆ, ನರಗಳನ್ನು ಬಡಿದೆಬ್ಬಿಸುವ ಗ್ಲುಟಮೇಟ್ ಎಂಬ ಇನ್ನೊಂದಿದೆ. ಮದ್ಯವು ಮೊದಲನೆಯದರ ಕೆಲಸವನ್ನು ಹೆಚ್ಚಿಸಿ ಎರಡನೆಯದರ ಕೆಲಸವನ್ನು ತಗ್ಗಿಸುತ್ತದೆ, ಆದ್ದರಿಂದಲೇ ಕುಡಿದವನಿಗೆ ಹಾಯೆನಿಸುತ್ತದೆ. ಆದರೆ ದಿನವೂ ಹೊರಗಿನಿಂದ ಸಮಾಧಾನ ಬರತೊಡಗಿದರೆ ಮಿದುಳು ತನ್ನ ಕಡೆಯಿಂದ ಸಮಾಧಾನವನ್ನು ಕಡಿಮೆ ಮಾಡಿ ತಳಮಳವನ್ನು ಹೆಚ್ಚಿಸಿಕೊಂಡು ಸರಿತೂಗಿಸುತ್ತದೆ. ಆಗ ಕುಡಿಯದ ವೇಳೆಯಲ್ಲಿ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಣ್ಣ ಸಪ್ಪಳಕ್ಕೂ ಬೆಚ್ಚುವಂತಾಗುತ್ತದೆ. ನಿದ್ದೆಗಾಗಿ ಕುಡಿಯುತ್ತೇನೆ ಎನ್ನುವವನಿಗೆ ಕಣ್ಣು ಬೇಗ ಮುಚ್ಚುತ್ತದೆ ನಿಜ, ಆದರೆ ನಸುಕಿನ ಎರಡು ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಸಾಲ, ಅವಮಾನ, ಮಗಳ ಮದುವೆ, ಕೈತಪ್ಪಿದ ಕೆಲಸ, ಎಲ್ಲವೂ ಆ ಹೊತ್ತಿನಲ್ಲಿಯೇ ಎದೆಯ ಮೇಲೆ ಬಂದು ಕೂಡುತ್ತವೆ. ಹೀಗೆ ತಿಂಗಳುಗಳು ಕಳೆದಂತೆ ಖಿನ್ನತೆ ನೆಲೆಯೂರುತ್ತದೆ. ಒಂದು ಸಮಾಧಾನದ ಸಂಗತಿಯೆಂದರೆ, ಹೀಗೆ ಕುಡಿತದಿಂದಲೇ ಹುಟ್ಟಿದ ಖಿನ್ನತೆಯ ಬಹುಭಾಗವು ಕುಡಿತ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ತಿಳಿಯಾಗುತ್ತ ಬರುತ್ತದೆ. ಆಮೇಲೂ ಉಳಿದರೆ ಅದಕ್ಕೆ ಬೇರೆಯಾಗಿ ಚಿಕಿತ್ಸೆ ಬೇಕು.

ಇನ್ನು ಒಂದೇ ರಾತ್ರಿಯ ದಾರಿ. ಇದರ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ, ಆದ್ದರಿಂದ ನಾನು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹಿಂದೆ ನಮ್ಮ ಮನೆಗಳಲ್ಲಿ ಕಂದೀಲು ಇರುತ್ತಿತ್ತು. ಬತ್ತಿಯನ್ನು ಏರಿಸಿದರೆ ಪಡಸಾಲೆಯೆಲ್ಲ ಕಾಣುತ್ತಿತ್ತು. ಇಳಿಸಿದರೆ ಕಂದೀಲಿನ ಬುಡದಲ್ಲಿ ಕುಳಿತವನ ಮುಖ ಮಾತ್ರ ಕಾಣುತ್ತಿತ್ತು. ಮದ್ಯವು ಮನಸ್ಸಿಗೆ ಮಾಡುವುದು ಅದನ್ನೇ. ಎಚ್ಚರದಲ್ಲಿರುವ ಮನುಷ್ಯನು ಎಷ್ಟೇ ನೊಂದಿದ್ದರೂ ಅವನ ಮನಸ್ಸಿನ ಮೂಲೆಯಲ್ಲಿ ಮುದಿ ತಾಯಿಯ ಔಷಧಿ, ನಾಡಿದ್ದು ಬರಬೇಕಾದ ಪಗಾರ, ಮಗನ ಪರೀಕ್ಷೆ, ದನಕ್ಕೆ ಮೇವು ಹೀಗೆ ಹತ್ತು ಸಂಗತಿಗಳು ಇರುತ್ತವೆ, ಮತ್ತು ಅವೇ ಅವನನ್ನು ಹಿಡಿದು ನಿಲ್ಲಿಸುತ್ತವೆ. ಮದ್ಯ ಏರಿದಾಗ ಆ ಹತ್ತೂ ಕತ್ತಲೆಗೆ ಸರಿದು, ಆ ಸಂಜೆಯ ಒಂದು ಬೈಗುಳ, ಒಂದು ಅವಮಾನ ಮಾತ್ರ ಬೆಳಕಿನಲ್ಲಿ ಉಳಿಯುತ್ತದೆ. ಅದರ ಜೊತೆಗೆ ನೋವಿನ ಹೆದರಿಕೆ ಮತ್ತು ಸಾವಿನ ಹೆದರಿಕೆ ಎರಡೂ ಮಂದವಾಗುತ್ತವೆ, ತಾಳ್ಮೆಯ ಕಟ್ಟೆಯೂ ಸಡಿಲವಾಗುತ್ತದೆ. ಎಚ್ಚರದಲ್ಲಿ ನೂರು ಸಲ ಹಿಂದೆ ಸರಿದವನು ಆ ಒಂದು ತಾಸಿನಲ್ಲಿ ಸರಿಯದೆ ಹೋಗಬಹುದು.

ಇದರಿಂದ ಎರಡು ವಿಷಯ ತಿಳಿಯಬೇಕು. ಚಟವೇ ಇಲ್ಲದವನು, ವರ್ಷಕ್ಕೆ ಎರಡು ಸಲ ಜಾತ್ರೆಯಲ್ಲಿ ಕುಡಿಯುವವನು ಕೂಡ, ದೊಡ್ಡ ದುಃಖದ ದಿನ ಕುಡಿದರೆ ಈ ಅಪಾಯಕ್ಕೆ ಒಳಗಾಗುತ್ತಾನೆ. "ಪಾಪ, ಭಾಳ ನೊಂದಾನ, ಸ್ವಲ್ಪ ಕುಡದು ಮಲಗಲಿ" ಎಂದು ಪ್ರೀತಿಯಿಂದ ಹೇಳುವ ಗೆಳೆಯರು ಇದನ್ನು ದಯವಿಟ್ಟು ನೆನಪಿಡಬೇಕು. ಮುಂಜಾನೆ ಅವನಿಗೆ ರಾತ್ರಿಯ ಮಾತು ನೆನಪಿಲ್ಲವೆಂದರೆ ಅದು ಸುಳ್ಳು ಮಾತಾಗಿತ್ತು ಎಂದೂ ತಿಳಿಯಬಾರದು. ಹೆಚ್ಚು ಕುಡಿದಾಗ ಮಿದುಳು ನೆನಪನ್ನು ಬರೆದಿಡುವ ಕೆಲಸವನ್ನೇ ನಿಲ್ಲಿಸುತ್ತದೆ. ನೆನಪು ಅಳಿಸಿದೆ, ನೋವು ಅಳಿಸಿಲ್ಲ.

ನಾನೂ ಈ ತಪ್ಪು ಮಾಡಿದವಳು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕುಡಿದು ಬಂದವರನ್ನು "ಇಳಿದ ಮೇಲೆ ಕರೆದುಕೊಂಡು ಬನ್ನಿ, ಈಗ ಮಾತಾಡಿ ಉಪಯೋಗವಿಲ್ಲ" ಎಂದು ಕಳಿಸಿಬಿಡುವುದು ನಾನಿದ್ದ ಕಡೆ ರೂಢಿಯಾಗಿತ್ತು, ನಾನೂ ಹಾಗೆಯೇ ಮಾಡುತ್ತಿದ್ದೆ. ಹಾಗೆ ಕಳಿಸಿದವರಲ್ಲಿ ಒಬ್ಬ ನೇಕಾರರು ಮರುದಿನ ತುರ್ತು ವಿಭಾಗಕ್ಕೆ ಬಂದರು. ದೈವದಿಂದ ಉಳಿದರು. ಅವರ ಹೆಂಡತಿ ನನ್ನ ಮೇಲೆ ಸಿಟ್ಟಾಗಲಿಲ್ಲ, ಬರೀ ಒಂದು ಮಾತು ಹೇಳಿದರು: "ಅಕ್ಕಾರ, ಮೂರು ದಿನಾ ಸಂಜೀಕ ಅದನ್ನ ಅಂದ್ರು. ಕುಡದಾಗಷ್ಟ ಅಂತಾರಂತ ನಾ ಯಾರಿಗೂ ಹೇಳಲಿಲ್ಲ. ನಿಮ್ಮ ಕಡೆ ಬಂದಾಗೂ ಹೇಳಲಿಲ್ಲ." ಆ ದಿನ ನಾನು ಕೇಳಿದ್ದರೆ ಆಕೆ ಹೇಳುತ್ತಿದ್ದರು. ಮಗ್ಗದ ಪಗಾರ ಕಡಿಮೆಯಾದದ್ದು, ಮೈದುನನೊಡನೆ ಮನೆಯ ಪಾಲಿನ ಜಗಳವಾದದ್ದು, ಹೆಂಡತಿ ಎಂಟು ದಿನ ತವರಿಗೆ ಹೋಗಿ ಬಂದದ್ದು, ಎಲ್ಲವೂ ಆ ತಿಂಗಳಲ್ಲಿಯೇ ಆಗಿತ್ತು.

ಈ ಕೊನೆಯ ವಿಷಯದ ಬಗ್ಗೆ ಅಮೆರಿಕದ ಸೇಂಟ್ ಲೂಯಿಸ್ ನಗರದ ಮನೋವೈದ್ಯ ಜಾರ್ಜ್ ಮರ್ಫಿ ಮತ್ತು ಅವರ ಸಂಗಡಿಗರು ಬಹಳ ಹಿಂದೆಯೇ ಗಮನಿಸಿದ್ದರು. ಕುಡಿತದ ಕಾಯಿಲೆಯಿದ್ದು ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ, ಸಾವಿಗೆ ಮುಂಚಿನ ಆರು ವಾರಗಳೊಳಗೆ ಹತ್ತಿರದ ಸಂಬಂಧವೊಂದನ್ನು ಕಳೆದುಕೊಂಡಿದ್ದರು. ಹೆಂಡತಿ ಬಿಟ್ಟುಹೋಗಿರಬಹುದು, ಸಾವಾಗಿರಬಹುದು, ಮನೆಯಿಂದ ಹೊರಗೆ ಹಾಕಿರಬಹುದು. ಇದನ್ನು ನಾನು ಹೆಣ್ಣುಮಕ್ಕಳ ಮುಂದೆ ಹೇಳುವಾಗ ಬಹಳ ಎಚ್ಚರದಿಂದ ಹೇಳುತ್ತೇನೆ. ಹೊಡೆತ ತಿಂದವಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುವುದು ತಪ್ಪಲ್ಲ, ಎಷ್ಟೋ ಸಲ ಅವಳ ಜೀವ ಉಳಿಯುವುದೇ ಅದರಿಂದ. ಮುಂದೆ ಏನೇ ಆದರೂ ಅದರ ಹೊಣೆ ಅವಳದಲ್ಲ. ನನ್ನ ಮಾತು ಹಿಂದೆ ಉಳಿದವರಿಗೆ. ಅವಳು ಹೋದ ಮೇಲಿನ ಆ ಆರು ವಾರಗಳಲ್ಲಿ ಆ ಮನೆಯ ಕಡೆ ದಿನಕ್ಕೊಮ್ಮೆ ಹಾಯಬೇಕಾದವರು ಅಣ್ಣ, ತಮ್ಮ, ಮಾವ, ಓಣಿಯ ಹಿರಿಯರು. ಅವನನ್ನು ಒಬ್ಬನೇ ಬಿಡಬಾರದು. ಕುಡಿದು ಕೆಟ್ಟವನು ಅನುಭವಿಸಲಿ ಎನ್ನುವುದು ನ್ಯಾಯವೆಂದು ಕಾಣಬಹುದು, ಆದರೆ ಅದರಿಂದ ಯಾರಿಗೂ ನ್ಯಾಯ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಆ ಹೆಂಡತಿಯನ್ನೂ ಕೇಳುವವರು ಬೇಕು. ಕುಡಿಯುವವನ ಮನೆಯಲ್ಲಿ ಖಿನ್ನತೆಗೆ ಒಳಗಾಗುವ ಮೊದಲಿಗಳು ಅನೇಕ ಸಲ ಅವಳೇ ಆಗಿರುತ್ತಾಳೆ. ಸಂಘದ ವಾರದ ಸಭೆಯಲ್ಲಿ ಕಂತು ಕಟ್ಟಿ ಒಂದೂ ಮಾತಾಡದೆ ಎದ್ದು ಹೋಗುವ ತಂಗಿ ನಿಮ್ಮಲ್ಲಿ ಯಾರಿಗಾದರೂ ನೆನಪಾದರೆ, ಇಂದು ಸಂಜೆಯೇ ಅವಳ ಮನೆಗೆ ಹೋಗಿ ಬನ್ನಿ.

ಗಾಂಜಾ, ನಿದ್ದೆಯ ಗುಳಿಗೆ, ನೋವಿನ ಗುಳಿಗೆಗಳ ದುರುಪಯೋಗ, ಇವೂ ಇದೇ ಅಪಾಯವನ್ನು ಹೆಚ್ಚಿಸುತ್ತವೆ, ಮದ್ಯದ ಜೊತೆ ಸೇರಿದಾಗ ಇನ್ನಷ್ಟು. ಕಾಲೇಜಿನ ಹುಡುಗರಲ್ಲಿ ಇವುಗಳ ಮೇಲೆ ಗುರುಗಳು ಕಣ್ಣಿಡಬೇಕು. ನಮ್ಮ ಭಾಗದ ದೊಡ್ಡ ಹೊರೆ ಮಾತ್ರ ಇಂದಿಗೂ ಶೆರೆಯೇ ಆದ್ದರಿಂದ ನಾನು ಅದರ ಮೇಲೆಯೇ ನಿಲ್ಲುತ್ತೇನೆ.

ಬಿಡಿಸುವ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಕಡಿಯನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಯಲ್ಲಿ ನನಗೆ ಕಾಣುವ ದೊಡ್ಡತನವೆಂದರೆ ಅದು ಕುಡಿಯುವವನನ್ನು ಹೀಯಾಳಿಸಲಿಲ್ಲ, ಅವನ ಬಾಗಿಲಿಗೆ ತಾನೇ ಬಂದು ನಿಂತು ಬೇಡಿತು. ಆದರೆ ವರ್ಷಗಟ್ಟಲೆ ದಿನವೂ ಕುಡಿದವನು ಪ್ರತಿಜ್ಞೆ ಮಾಡಿ ಒಂದೇ ದಿನದಲ್ಲಿ ನಿಲ್ಲಿಸಿದಾಗ ಅವನ ದೇಹದಲ್ಲಿ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತಿರಬೇಕು. ಆರೇಳು ತಾಸಿನಿಂದಲೇ ನಡುಕ, ಬೆವರು ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣಿಸಿ, ಕೇಳಿಸಿ, ದಿಕ್ಕು ತಪ್ಪಿದಂತಾಗುತ್ತದೆ. ಇದನ್ನು ಗಾಳಿ ಬಡಿದಿದೆ ಎಂದು ತಿಳಿದು ಎಲ್ಲೆಲ್ಲಿಗೋ ಒಯ್ದು ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ಇದು ಪ್ರಾಣಕ್ಕೆ ಕುತ್ತು ತರುವ ಸ್ಥಿತಿ, ಆದರೆ ಆಸ್ಪತ್ರೆಯಲ್ಲಿ ಕೆಲವು ದಿನಗಳ ಔಷಧಿ ಮತ್ತು ಬಿ1 ಜೀವಸತ್ವದಿಂದ ತಡೆಯಬಹುದಾದದ್ದು. ಪ್ರತಿಜ್ಞೆಯನ್ನು ಮಠದಲ್ಲಿ ಮಾಡಲಿ, ಬಿಡುವ ಮೊದಲ ವಾರವನ್ನು ವೈದ್ಯರ ಕಣ್ಣೆದುರು ಕಳೆಯಲಿ.

ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಅವನಿಗೆ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿಯ ಜಾಹೀರಾತುಗಳನ್ನು ನೀವು ನೋಡಿದ್ದೀರಿ. ಅದರಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು. ಇನ್ನು ಕೆಲವರು ಡೈಸಲ್ಫಿರಾಮ್ ಎಂಬ ಗುಳಿಗೆಯನ್ನು ತಂದು ಸಾರಿನಲ್ಲಿ ಕಲಸಿ ಕೊಡುತ್ತಾರೆ. ಅದು ನಿಜವಾದ ಔಷಧಿಯೇ, ಆದರೆ ತಾನು ತೆಗೆದುಕೊಳ್ಳುತ್ತಿದ್ದೇನೆಂದು ತಿಳಿದು, ಒಪ್ಪಿ, ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕಾದದ್ದು. ತಿಳಿಯದೆ ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತವಾಗಿ ಪ್ರಾಣಕ್ಕೇ ಮುಳುವಾಗಬಹುದು. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಮುಂದೊಂದು ದಿನ ಗುಟ್ಟು ತಿಳಿದಾಗ ಅವನು ಮನೆಯ ಅನ್ನವನ್ನೂ ನಂಬುವುದಿಲ್ಲ.

ಬಿಟ್ಟವನು ಮತ್ತೆ ಕುಡಿಯುವ ದಿನವೂ ಅಪಾಯದ ದಿನವೇ. ಆರು ತಿಂಗಳು ಬಿಟ್ಟಿದ್ದವನು, ಊರಿನವರಿಂದ ಹೌದೆನಿಸಿಕೊಂಡವನು, ಒಂದು ಲಗ್ನದಲ್ಲಿ ಜಾರಿದರೆ ಅವನಿಗಾಗುವ ನಾಚಿಕೆ ಸಣ್ಣದಲ್ಲ. ಮರಳಿ ಜಾರುವುದು ಈ ಕಾಯಿಲೆಯ ಸ್ವಭಾವದಲ್ಲಿಯೇ ಇದೆ, ಸಕ್ಕರೆ ಕಾಯಿಲೆಯವರ ಸಕ್ಕರೆ ಒಮ್ಮೊಮ್ಮೆ ಏರುವಂತೆ. ಆ ದಿನ ಮನೆಯವರ ಬಾಯಿಂದ ಬರಬೇಕಾದದ್ದು "ಆರು ತಿಂಗಳು ಬಿಟ್ಟಿದ್ದಿ, ನಾಳೆ ಮತ್ತೆ ಡಾಕ್ಟರ ಕಡೆ ಹೋಗೂಣು" ಎಂಬ ಮಾತು.

ಈಗ ಕೇಳುವ ವಿಷಯ. ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅಧ್ಯಯನಗಳು ಈ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿವೆ; ಕೇಳಿದರೆ ಹೊರೆ ಇಳಿದಂತಾಗುವವರೇ ಹೆಚ್ಚು. ಕುಡಿಯುವವರಿಗೆ ಈ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿಯೂ ಕೇಳಬೇಕು: "ಕುಡದಾಗ ಅಂಥಾ ವಿಚಾರ ಬರ್ತದೇನ್ರಿ?" ಬರುತ್ತದೆ ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ದೇವರು ಕೊಟ್ಟ ಜನ್ಮ ಎಂದು ಪ್ರವಚನ ಮಾಡಬೇಡಿ. ಯಾವಾಗಿನಿಂದ ಎಂದು ಕೇಳಿ, ಕೇಳುತ್ತ ಕುಳಿತುಕೊಳ್ಳಿ.

ಹೊಲದ ಮನೆಗಳವರಿಗೆ ಇನ್ನೊಂದು ಮಾತು. ಬೆಳೆಗೆ ಹೊಡೆಯುವ ಎಣ್ಣಿಯನ್ನು ಕುಡಿತವಿರುವ ಮನೆಯಲ್ಲಿ ಇಡಬೇಡಿ. ಬೇರೆಯವರ ಮನೆಯಲ್ಲಿ, ಬೀಗದೊಳಗೆ ಇಡಿ, ಬೇಕಾದ ದಿನ ಬೇಕಾದಷ್ಟೇ ತನ್ನಿ. ಬೇಕೆಂದವನು ಹೇಗಾದರೂ ಮಾಡಿಕೊಳ್ಳುತ್ತಾನೆ ಎಂಬುದು ನಿಜವಲ್ಲ. ಆ ತೀವ್ರ ಗಳಿಗೆ ಎಷ್ಟೋ ಜನರಲ್ಲಿ ಬಹಳ ಚಿಕ್ಕದು, ಅದು ದಾಟಿದರೆ ಮನುಷ್ಯ ಉಳಿಯುತ್ತಾನೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಇಡೀ ದೇಶದ ಆತ್ಮಹತ್ಯೆಯ ಪ್ರಮಾಣವೇ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಪ್ರಯತ್ನವನ್ನು ವೈದ್ಯರಿಂದ ಮುಚ್ಚಿಡುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮು, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮು ಇಲ್ಲವೇ ಇಲ್ಲ. ವೈದ್ಯರಿಗೆ ಎಲ್ಲವನ್ನೂ ಹೇಳಿ.

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದು ಹೇಳಿತು. ಈ ಅಂಕಿ ನನ್ನನ್ನು ಬಹಳ ನೋಯಿಸುತ್ತದೆ, ಏಕೆಂದರೆ ಇಂದು ಸಹಾಯ ದೂರವಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ತಪಾಸಣೆಯಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 14416 ಎಂಬ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಉಪನ್ಯಾಸ ಮುಗಿದ ಮೇಲೆ ಹುನಗುಂದದ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು ಕೇಳಿದರು: "ಅಕ್ಕಾರ, ರಾತ್ರಿ ಹನ್ನೊಂದಕ್ಕ ಕುಡದ ಬಂದು ಹಂಗ ಅಂದ್ರ, ಆಗಿಂದಾಗ ನಾವು ಏನ ಮಾಡಬೇಕ್ರಿ?" ಇಡೀ ಉಪನ್ಯಾಸಕ್ಕಿಂತ ಈ ಪ್ರಶ್ನೆ ದೊಡ್ಡದಾಗಿತ್ತು. ನಾನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಆ ಹೊತ್ತಿನಲ್ಲಿ ವಾದ ಬೇಡ, ಕುಡಿತದ ಲೆಕ್ಕ ಕೇಳುವುದು ಬೇಡ, ಇನ್ನೂ ಕುಡಿಯಲು ಬಿಡುವುದೂ ಬೇಡ. ಅವನನ್ನು ಒಬ್ಬನೇ ಕೋಣೆಯಲ್ಲಿ ಬಿಡದೆ, ಅವನು ಮಾತು ಕೇಳುವಂಥ ಒಬ್ಬರನ್ನು, ಅದು ಚಿಕ್ಕಪ್ಪನಿರಲಿ, ಗೆಳೆಯನಿರಲಿ, ಕರೆಸಿ ಪಕ್ಕದಲ್ಲಿ ಕೂರಿಸಿ. ಅಪಾಯದ ವಸ್ತುಗಳನ್ನು ಸದ್ದಿಲ್ಲದೆ ಮನೆಯಿಂದ ಹೊರಗೆ ಸಾಗಿಸಿ. ಏನಾದರೂ ಮಾಡಿಕೊಂಡಿದ್ದಾನೆ ಎಂಬ ಸಂಶಯ ಬಂದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಹೆಂಡತಿ ಮಕ್ಕಳ ಮೇಲೆ ಕೈ ಮಾಡುತ್ತಿದ್ದರೆ ಮೊದಲು ಅವರನ್ನು ಬೇರೆ ಮನೆಗೆ ಕಳಿಸಿ, 112ಕ್ಕೆ ಕರೆ ಮಾಡಿ. ಮುಂಜಾನೆ ಅವನು ಎದ್ದು ಚಹಾ ಕುಡಿದು ತಿಳಿಯಾದ ಮೇಲೆ, ಎಲ್ಲರೂ ಮರೆತಂತೆ ಮಾಡುವ ಆ ಹೊತ್ತಿನಲ್ಲಿ, ನೀವು ಮಾತ್ರ ಅವನ ಹತ್ತಿರ ಕುಳಿತು ಕೇಳಿ: "ಅಣ್ಣಾ, ನಿನ್ನೆ ರಾತ್ರಿ ನೀ ಹಿಂಗ ಅಂದಿ. ನಿನಗ ನೆನಪಿಲ್ಲದಿದ್ರ ಇರವಲ್ದ್ಯಾಕ, ನನಗ ನೆನಪೈತಿ."